ಚಿನ್ನದ ಪುಡಿ ಮ್ಯಾಗ್ನೆಟ್ ಆಯಿತು ಅನ್ನುವ ಮೊದಲು ಚಿಮಟ ನೋಡಿ

ಗಿರವಿಗೆ ಬಂದ ಬಳೆಗೆ ಅಂಗಡಿಯವರು ಮ್ಯಾಗ್ನೆಟ್ ತಾಗಿಸಿ ನೋಡುತ್ತಾರೆ, ಅಲ್ವಾ? ಅಂಟಿದರೆ ಒಳಗೆ ಕಬ್ಬಿಣ ಇದೆ ಅಂತ ಲೆಕ್ಕ. ಅಪ್ಪಟ ಚಿನ್ನ ಅಂಟುವುದಿಲ್ಲ, ಬದಲಿಗೆ ಕಣ್ಣಿಗೆ ಕಾಣದಷ್ಟು ಸ್ವಲ್ಪವೇ ದೂರ ಸರಿಯುತ್ತದೆ. ಆದರೆ 2004ರಲ್ಲಿ ಸ್ಪೇನಿನ ತಂಡವೊಂದು ಬೇರೆಯೇ ಮಾತು ಹೇಳಿತು: 1.4 ನ್ಯಾನೊಮೀಟರಿನ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್) ಚಿನ್ನದ ಕಣಕ್ಕೆ ಗಂಧಕವಿರುವ ಥಯಾಲ್ ಅಣುಗಳನ್ನು ಹೊದಿಸಿದರೆ ಅದು ಕೋಣೆಯ ಬಿಸಿಯಲ್ಲೂ ಕಾಯಂ ಮ್ಯಾಗ್ನೆಟ್ಟಿನ ಹಾಗೆ ಆಡುತ್ತದಂತೆ. ಇದನ್ನು ಪರೀಕ್ಷಿಸುವುದು ಹೇಗೆ? (ಲ್ಯಾಬಿನಲ್ಲಿ ಮಾತ್ರ, ಮನೆಯಲ್ಲಿ ಬೇಡ.)

ಮೊದಲು ಗಾಜಿನ ಪಾತ್ರೆಗಳನ್ನು ಆಕ್ವಾ ರೀಜಿಯಾದಲ್ಲಿ (ಲೋಹವನ್ನು ಕರಗಿಸುವ ಆಮ್ಲಗಳ ಮಿಶ್ರಣ) ತೊಳೆಯಿರಿ. ಸ್ಟೀಲ್ ಚಿಮಟ, ಸ್ಟೀಲ್ ಚಮಚ ಎರಡನ್ನೂ ಪಕ್ಕಕ್ಕಿಡಿ, ಪ್ಲಾಸ್ಟಿಕ್ಕಿನವು ಸಾಕು. ಇದು ಮಡಿ ಅಲ್ಲ, ಲೆಕ್ಕ. ಸ್ಟೀಲಿನಿಂದ ಅಂಟಿಕೊಂಡ ಬರೀ 50 ನ್ಯಾನೊಗ್ರಾಂ ಕಬ್ಬಿಣ, ಅಂದರೆ ಒಂದು ಮಿಲಿಗ್ರಾಂನ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು, ಸುಮಾರು 0.00001 ಇಎಂಯು (ಮ್ಯಾಗ್ನೆಟ್ ಗುಣ ಅಳೆಯುವ ಘಟಕ) ಸಂಕೇತ ಕೊಡುತ್ತದೆ. ತೀರಾ ಸಣ್ಣ ಮ್ಯಾಗ್ನೆಟ್ ಗುಣವನ್ನೂ ಅಳೆಯುವ ಸ್ಕ್ವಿಡ್ ಯಂತ್ರ ಅದನ್ನು ಆರಾಮಾಗಿ ಹಿಡಿಯುತ್ತದೆ, ನೀವು ಅದನ್ನು ಚಿನ್ನದ್ದೇ ಅಂದುಕೊಳ್ಳುತ್ತೀರಿ.

ಕಣ ಮಾಡಲು 1994ರ ಬ್ರಸ್ಟ್ ವಿಧಾನ ಇದೆ. ನೀರಿನಲ್ಲಿರುವ ಚಿನ್ನದ ಲವಣವನ್ನು ನೀರಿಗೆ ಬೆರೆಯದ ಟಾಲೂಯಿನ್ ದ್ರವಕ್ಕೆ ದಾಟಿಸಿ, ಥಯಾಲ್ ಹಾಕಿ, ಲವಣವನ್ನು ಲೋಹವಾಗಿಸುವ ಸೋಡಿಯಂ ಬೋರೊಹೈಡ್ರೈಡ್ ಸುರಿದರೆ ದ್ರವ ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ. ಮಾಣಿಕ್ಯದ ಕೆಂಪು ಬಂದರೆ ಕಣ ದೊಡ್ಡದಾಗಿದೆ. ಇದರ ಜೊತೆಗೇ ಚಿನ್ನ ಹಾಕದೆ ಇನ್ನೊಂದು ಸಲ ಎಲ್ಲವನ್ನೂ ಹಾಗೇ ಮಾಡಿ. ಈ ಖಾಲಿ ಮಾದರಿಯನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಇದೇ ಅರ್ಧ ಕೆಲಸ.

ಸ್ಕ್ವಿಡ್‌ನಲ್ಲಿ ಅಳೆಯುವಾಗ ಮೊದಲು ಮಾದರಿ ಇಡುವ ಕ್ಯಾಪ್ಸೂಲ್ ಖಾಲಿಯಾಗಿ, ಆಮೇಲೆ ಖಾಲಿ ಮಾದರಿ, ಕೊನೆಗೆ ಚಿನ್ನ. ಹೊರಗಿನ ಮ್ಯಾಗ್ನೆಟ್ಟಿನ ಬಲ ಬದಲಿಸುತ್ತಾ ಬರೆದ ಗ್ರಾಫಿನಲ್ಲಿ ಕೆಳಗೆ ಇಳಿಯುವ ನೇರ ಗೆರೆ ಕಾಣುತ್ತದೆ, ಅದು ಚಿನ್ನ ಮತ್ತು ಕ್ಯಾಪ್ಸೂಲ್ ಎರಡೂ ಮ್ಯಾಗ್ನೆಟ್ಟಿನಿಂದ ದೂರ ಸರಿಯುವ ಗುಣ. ಅದನ್ನು ಕಳೆದ ಮೇಲೆ ನಡುವೆ ಪುಟ್ಟ ಕುಣಿಕೆ (ಕಾಯಂ ಮ್ಯಾಗ್ನೆಟ್ಟಿನ ಗುರುತು) ಉಳಿದರೆ ಖುಷಿಪಡುವ ಮುಂಚೆ ಐಸಿಪಿ-ಎಂಎಸ್‌ಗೆ (ಯಾವ ಧಾತು ಎಷ್ಟಿದೆ ಅಂತ ಅಳೆಯುವ ಯಂತ್ರ) ಕಳಿಸಿ ಕಬ್ಬಿಣ, ನಿಕಲ್, ಕೋಬಾಲ್ಟ್ ಎಷ್ಟಿದೆ ಅಂತ ಎಣಿಸಿ. ಅಷ್ಟರಿಂದಲೇ ಕುಣಿಕೆ ಬರುವಂತಿದ್ದರೆ ಕಥೆ ಅಲ್ಲಿಗೇ ಮುಗಿಯಿತು.

ಬಾರದಿದ್ದರೆ? ಆಗ ಸಿಂಕ್ರೊಟ್ರಾನ್ (ಎಲೆಕ್ಟ್ರಾನ್‌ಗಳನ್ನು ವೇಗವಾಗಿ ಸುತ್ತಿಸಿ ಕಿರಣ ಹೊರಡಿಸುವ ದೊಡ್ಡ ಯಂತ್ರ) ಎಕ್ಸ್-ರೇಗೆ ಹೋಗಬೇಕು. ಆ ಕಿರಣವನ್ನು ಚಿನ್ನದ ಪರಮಾಣುವಿಗೇ ಸರಿಹೊಂದಿಸಬಹುದು, ಪಕ್ಕದ ಕಬ್ಬಿಣ ಅಡ್ಡ ಬರುವುದಿಲ್ಲ. 2004ರಲ್ಲೇ ಜಪಾನಿನವರು ಹೀಗೆ ನೋಡಿದಾಗ ಚಿನ್ನದಿಂದಲೇ ಸಂಕೇತ ಸಿಕ್ಕಿತ್ತು, ಸಣ್ಣದು ನಿಜ, ಆದರೆ ಚಿಮಟದ್ದಲ್ಲ.