ಲ್ಯಾಪ್‌ಟಾಪ್ ಏಳದಿದ್ದರೆ, ಡಿಸ್ಕ್ ಓದದಿದ್ದರೆ

ಲ್ಯಾಪ್‌ಟಾಪ್ ಏಳಲಿಲ್ಲ ಎಂದ ಕೂಡಲೇ ಈಗಿನ ಮಕ್ಕಳ ಬಾಯಿಂದ ಬರುವ ಮೊದಲ ಮಾತು ‘ಫಾರ್ಮ್ಯಾಟ್ ಮಾಡಿಬಿಡೋಣ’. ಸಿಡಿ, ಡಿವಿಡಿಯ ಡಿಸ್ಕ್ ಓದಲಿಲ್ಲ ಎಂದರೆ ‘ಡ್ರೈವ್ ಹೋಗಿದೆ, ಬಿಸಾಡಿ’. ಚಾರ್ಜರ್ ಸಾಕೆಟ್ಟಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡುವ ವ್ಯವಧಾನವೂ ಇಲ್ಲ. ಮೊನ್ನೆ ಪಕ್ಕದ ಮನೆಯ ಹುಡುಗ ಅವನ ತಾತನ ಲ್ಯಾಪ್‌ಟಾಪನ್ನು ಹೀಗೆಯೇ ಫಾರ್ಮ್ಯಾಟ್ ಮಾಡಿದ. ಷಷ್ಟಿಪೂರ್ತಿಯ ಚಿತ್ರಗಳೆಲ್ಲ ಹೋದವು. ಆಮೇಲೆ ನೋಡಿದರೆ ಆ ಯಂತ್ರಕ್ಕೆ ಯಾವ ರೋಗವೂ ಇರಲಿಲ್ಲ, ಡ್ರೈವಿನೊಳಗೆ ಹಾಡಿನ ಸಿಡಿಯೊಂದು ಉಳಿದಿತ್ತು, ಅಷ್ಟೆ. ಇಂಥದ್ದನ್ನು ನೋಡಿ ನೋಡಿ ಸಾಕಾಗಿ ಬರೆಯಲು ಕೂತಿದ್ದೇನೆ.

ನಾನು ಎಂಜಿನಿಯರ್ ಅಲ್ಲ. ಕಾಲೇಜಿನ ಗ್ರಂಥಾಲಯದಲ್ಲಿದ್ದವಳು. ಪಠ್ಯಪುಸ್ತಕಗಳ ಹಿಂದಿನ ರಟ್ಟಿಗೆ ಅಂಟಿಕೊಂಡು ಸಿಡಿಗಳು ಬರುತ್ತಿದ್ದ ಕಾಲದಲ್ಲಿ ಆ ಕಪಾಟು ನನ್ನ ಸುಪರ್ದಿಗೆ ಬಂತು, ಅದರ ಜೊತೆಗೆ ಓದುವ ಕೋಣೆಯ ಕಂಪ್ಯೂಟರುಗಳೂ ಬಂದವು. ಮಲೆನಾಡಿನ ಮಳೆಗಾಲದಲ್ಲಿ, ಗಳಿಗೆಗೊಮ್ಮೆ ಕರೆಂಟು ಹೋಗುವ ಊರಿನಲ್ಲಿ, ಅವುಗಳನ್ನು ನಡೆಸಿಕೊಂಡು ಬಂದ ಅನುಭವ ನನ್ನದು. ರಿಪೇರಿಯವನು ವಾರಕ್ಕೊಮ್ಮೆ ಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ. ಅವನು ಬರುವಷ್ಟರಲ್ಲಿ ಮುಕ್ಕಾಲು ಪಾಲು ತೊಂದರೆಗಳನ್ನು ನಾವೇ ನಿವಾರಿಸಿಕೊಂಡಿರುತ್ತಿದ್ದೆವು.

ಗುಂಡಿ ಒತ್ತಿದರೆ ದೀಪವೂ ಇಲ್ಲ, ಸದ್ದೂ ಇಲ್ಲ ಎನ್ನಿ. ಮೊದಲು ಚಾರ್ಜರನ್ನು ಎಕ್ಸ್‌ಟೆನ್ಷನ್ ಬೋರ್ಡಿನಿಂದ ತೆಗೆದು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ, ಕರೆಂಟು ಬರುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಇಷ್ಟಾದರೂ ಏಳದಿದ್ದರೆ ಚಾರ್ಜರ್ ಕಿತ್ತುಬಿಡಿ. ಬ್ಯಾಟರಿ ಬಿಚ್ಚಲು ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಈಗ ಪವರ್ ಗುಂಡಿಯನ್ನು ಒತ್ತಿ ಹಿಡಿದು, ಆತುರವಿಲ್ಲದೆ ಮೂವತ್ತರವರೆಗೆ ಎಣಿಸಿ. ಸಿಡಿಲು ಮಿಂಚಿನ ದಿನಗಳಲ್ಲಿ ವೋಲ್ಟೇಜ್ ಏರಿಳಿದಾಗ ಒಳಗಿನ ಸರ್ಕ್ಯೂಟು ಎಡವಟ್ಟಾದ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಳ್ಳುವುದುಂಟು. ಒಳಗೆ ಉಳಿದ ವಿದ್ಯುತ್ತು ಪೂರ್ತಿ ಇಳಿದುಹೋದರೆ ಯಂತ್ರ ಹೊಸದಾಗಿ ಶುರುವಾಗುತ್ತದೆ. ಬ್ಯಾಟರಿ ಹಾಕದೆ ಬರೀ ಚಾರ್ಜರಿನಲ್ಲಿ ಒಮ್ಮೆ ಆನ್ ಮಾಡಿ. ಎದ್ದರೆ ಆಮೇಲೆ ಆಫ್ ಮಾಡಿ ಬ್ಯಾಟರಿ ಹಾಕಿಕೊಳ್ಳಿ. ಬ್ಯಾಟರಿ ಒಳಗೇ ಕೂತಿರುವ ಹೊಸ ಮಾದರಿಗಳಲ್ಲೂ ಹಲವಕ್ಕೆ ಚಾರ್ಜರ್ ತೆಗೆದು ಗುಂಡಿ ಒತ್ತಿ ಹಿಡಿಯುವ ಈ ಉಪಾಯ ನಡೆಯುತ್ತದೆ. ಅಂಗಡಿಯೊಂದರಲ್ಲಿ ‘ಮದರ್‌ಬೋರ್ಡ್ ಹೋಗಿದೆ’ ಎಂದು ಹೇಳಿ ಕಳುಹಿಸಿದ್ದ ಯಂತ್ರವೊಂದು ನಮ್ಮ ಊಟದ ಮೇಜಿನ ಮೇಲೆ ಹೀಗೆಯೇ ಎದ್ದು ಕೂತಿತು.

ದೀಪ ಬರುತ್ತದೆ, ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು ಎಂದಾದರೆ ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಅಕ್ಷರ ಕಂಡರೆ ಕೆಟ್ಟಿರುವುದು ಪರದೆಯ ಹಿಂದಿನ ಬೆಳಕು ಮಾತ್ರ, ನಿಮ್ಮ ಕಡತಗಳೆಲ್ಲ ಕ್ಷೇಮವಾಗಿವೆ. ಟಿವಿಗೆ ಎಚ್‌ಡಿಎಂಐ ತಂತಿ ಜೋಡಿಸಿ ಕೆಲಸ ಮುಂದುವರಿಸಬಹುದು. ಏನೂ ಕಾಣದೆ ಬೀಪ್ ಬೀಪ್ ಎಂದು ಕೂಗುತ್ತಿದ್ದರೆ ಸಾಮಾನ್ಯವಾಗಿ ರ‍್ಯಾಮ್ (ನೆನಪಿನ ಚಿಪ್ಪುಗಳ ಪಟ್ಟಿ) ಸಡಿಲವಾಗಿರುತ್ತದೆ. ಕೆಳಗಿನ ಮುಚ್ಚಳ ಬಿಚ್ಚಿ ರ‍್ಯಾಮ್ ತೆಗೆದು ಮತ್ತೆ ಕೂರಿಸುವ ಮೊದಲು ಬ್ಯಾಟರಿ ತೆಗೆಯಿರಿ. ಕಿಟಕಿಯ ಸರಳನ್ನೋ ಬೀರುವಿನ ಕಬ್ಬಿಣವನ್ನೋ ಒಮ್ಮೆ ಮುಟ್ಟಿ ಬನ್ನಿ, ಮೈಯಲ್ಲಿರುವ ಸ್ಥಾಯಿ ವಿದ್ಯುತ್ತು ಇಳಿಯಲಿ. ಇದಕ್ಕೆ ಧೈರ್ಯ ಸಾಲದವರು ತಿಳಿದವರ ಕೈಗೆ ಕೊಡಿ.

ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂದೋ ‘ಆಪರೇಟಿಂಗ್ ಸಿಸ್ಟಂ ನಾಟ್ ಫೌಂಡ್’ ಎಂದೋ ಬಂದರೆ ದಯವಿಟ್ಟು ಗಾಬರಿಯಾಗಬೇಡಿ. ಡ್ರೈವಿನಲ್ಲಿ ಡಿಸ್ಕ್ ಇದೆಯೇ? ಪೆನ್‌ಡ್ರೈವ್ ಸಿಕ್ಕಿಸಿದ್ದೀರಾ? ಎರಡನ್ನೂ ತೆಗೆದು ಮತ್ತೆ ಆನ್ ಮಾಡಿ. ಹಳೆಯ ಯಂತ್ರಗಳು ಎದ್ದ ತಕ್ಷಣ ವಿಂಡೋಸನ್ನು ಮೊದಲು ಡಿಸ್ಕಿನಲ್ಲಿ, ಆಮೇಲೆ ಹಾರ್ಡ್ ಡಿಸ್ಕಿನಲ್ಲಿ ಹುಡುಕುವಂತೆ ಹೊಂದಿಸಿರುವುದುಂಟು. ಪಕ್ಕದ ಮನೆಯಲ್ಲಿ ಆದದ್ದೂ ಇದೇ. ಆ ಸರದಿಯನ್ನು ಬದಲಿಸಬೇಕಾದರೆ ಆನ್ ಆಗುವಾಗಲೇ ಕೀಲಿ ಒತ್ತಬೇಕು. ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಆಗ ತೆರೆಯುವ ಸೆಟಪ್ ಪರದೆಯಲ್ಲಿ ಹಾರ್ಡ್ ಡಿಸ್ಕಿನ ಹೆಸರೇ ಕಾಣದಿದ್ದರೆ ಮಾತು ಬೇರೆ. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರಂತೂ ಆರಿಸಿಬಿಡಿ, ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಒಳಗಿನ ದತ್ತಾಂಶವನ್ನು ಹೊರತೆಗೆಯಬಲ್ಲವರು ಸಿಗುವವರೆಗೆ ಅದು ಆರಿಯೇ ಇರಲಿ.

ಇನ್ನೊಂದು ಮಾತು. ವಿಂಡೋಸ್ 8ರಿಂದ ಈಚೆಗೆ ‘ಶಟ್‌ಡೌನ್’ ಒತ್ತಿದರೆ ಯಂತ್ರ ಪೂರ್ತಿ ಆರುವುದಿಲ್ಲ. ಬೇಗ ಏಳಲೆಂದು ಅರ್ಧ ನೆನಪನ್ನು ಹಾಗೆಯೇ ಉಳಿಸಿಕೊಂಡಿರುತ್ತದೆ. ದಿನಗಟ್ಟಲೆ ಶಟ್‌ಡೌನ್ ಮಾಡಿಯೇ ಮಾಡಿ ‘ಏನೂ ಸರಿಹೋಗಲಿಲ್ಲ’ ಎಂದು ಗೊಣಗುವವರು ಒಮ್ಮೆ ‘ರಿಸ್ಟಾರ್ಟ್’ ಮಾಡಿ ನೋಡಿ, ಇಲ್ಲವೇ ಶಿಫ್ಟ್ ಕೀಲಿ ಹಿಡಿದುಕೊಂಡು ಶಟ್‌ಡೌನ್ ಒತ್ತಿ. ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಹಿಂದಕ್ಕೆ ಹೋಗಿರುತ್ತಿದ್ದರೆ ಒಳಗಿನ ಗುಂಡುಬಿಲ್ಲೆಯಂಥ ಬ್ಯಾಟರಿ ಮುಗಿದಿದೆ. ಎಷ್ಟೋ ಯಂತ್ರಗಳಲ್ಲಿರುವುದು ಸಿಆರ್2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಇನ್ನು ಡಿಸ್ಕಿನ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿಯೇ. ಲ್ಯಾಪ್‌ಟಾಪಿನ ಟ್ರೇಯ ಮೇಲೆ ಡಿಸ್ಕನ್ನು ಸುಮ್ಮನೆ ಇಟ್ಟು ತಳ್ಳುತ್ತಾರಲ್ಲ, ಅದು ಹಳೆಯ ಮೇಜಿನ ಕಂಪ್ಯೂಟರಿನ ಅಭ್ಯಾಸ. ಲ್ಯಾಪ್‌ಟಾಪಿನ ತೆಳು ಡ್ರೈವಿನಲ್ಲಿ ನಡುವಿನ ಗುಬಟಿಗೆ ಡಿಸ್ಕನ್ನು ಒತ್ತಿ ಕೂರಿಸಬೇಕು. ಒಂದು ಕೈಯ ಬೆರಳುಗಳನ್ನು ಟ್ರೇಯ ಅಡಿಗೆ ಆಸರೆ ಕೊಟ್ಟು, ಇನ್ನೊಂದು ಕೈಯ ಎರಡು ಬೆರಳುಗಳಿಂದ ತೂತಿನ ಅಂಚಿನ ಬಳಿ ಒತ್ತಿ. ‘ಟಕ್’ ಎಂದು ಕಚ್ಚಿಕೊಂಡದ್ದು ಕಿವಿಗೆ ಕೇಳಬೇಕು, ಬೆರಳಿಗೂ ಗೊತ್ತಾಗಬೇಕು. ಆಸರೆ ಕೊಡದೆ ಒತ್ತಿದರೆ ಟ್ರೇ ಬಾಗುತ್ತದೆ. ಕಚ್ಚಿಸದೆ ತಳ್ಳಿದರೆ ಡಿಸ್ಕ್ ಒಳಗೆ ಗರಗರ ತಿರುಗಿ ಗೀರಿಕೊಳ್ಳುತ್ತದೆ. ತೆಗೆಯುವಾಗಲೂ ಅಷ್ಟೇ, ಅಂಚು ಹಿಡಿದು ಬಗ್ಗಿಸಿ ಕೀಳಬಾರದು. ಒಂದು ಬೆರಳಿನಿಂದ ಗುಬಟನ್ನು ಅದುಮಿ ಹಿಡಿದು ಅಂಚನ್ನು ಮೆಲ್ಲನೆ ಎತ್ತಿ.

ಒರೆಸುವ ಕ್ರಮ ಹೇಳುತ್ತೇನೆ, ಇದನ್ನು ಬೇಕಾದರೆ ಬರೆದಿಟ್ಟುಕೊಳ್ಳಿ. ಎಲ್ಲರೂ ಡಿಸ್ಕನ್ನು ಸೀರೆಯ ಸೆರಗಿಗೋ ಟಿ-ಶರ್ಟಿಗೋ ಉಜ್ಜಿ ಗುಂಡಗೆ ತಿರುಗಿಸಿ ಒರೆಸುತ್ತಾರೆ. ಸಂಪೂರ್ಣ ತಪ್ಪು. ಡಿಸ್ಕಿನಲ್ಲಿ ಮಾಹಿತಿ ಕೂತಿರುವುದು ನಡುವಿನಿಂದ ಶುರುವಾಗಿ ಅಂಚಿನತ್ತ ಸುತ್ತುತ್ತ ಹೋಗುವ ಒಂದೇ ಎಳೆಯಲ್ಲಿ, ಚಕ್ಕುಲಿ ಸುತ್ತಿದ ಹಾಗೆ. ಅಡ್ಡಲಾಗಿ ಬಿದ್ದ ಸಣ್ಣ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಮಾಹಿತಿಯನ್ನು ಮರೆಮಾಡುತ್ತದೆ. ಅಷ್ಟನ್ನು ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುವ ಏರ್ಪಾಟು ಡಿಸ್ಕಿನಲ್ಲಿಯೇ ಇದೆ. ಸಿಡಿಯಲ್ಲಿ ಎಳೆಯ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಹೋದರೂ ಸರಿಪಡಿಸಿಕೊಳ್ಳುತ್ತದೆ. ಗುಂಡಗೆ ಒರೆಸಿದಾಗ ಬೀಳುವ ಗೀರು ಎಳೆಯ ಉದ್ದಕ್ಕೂ ಬೀಳುತ್ತದೆ, ಸತತವಾಗಿ ಅಷ್ಟೊಂದು ಮಾಹಿತಿ ಹೋದರೆ ತುಂಬಿಕೊಳ್ಳಲು ಅದಕ್ಕೆ ಸಾಧ್ಯವಿಲ್ಲ. ಆದ್ದರಿಂದ ಒರೆಸುವುದು ಯಾವಾಗಲೂ ನಡುವಿನ ತೂತಿನಿಂದ ಹೊರ ಅಂಚಿಗೆ, ನೇರ ಗೆರೆಯಲ್ಲಿ. ಒಂದು ಎಳೆತ, ಬಟ್ಟೆ ಎತ್ತಿ, ಡಿಸ್ಕನ್ನು ಸ್ವಲ್ಪ ತಿರುಗಿಸಿ, ಇನ್ನೊಂದು ಎಳೆತ.

ಬಟ್ಟೆ ಯಾವುದೆಂದರೆ, ಒಗೆದೊಗೆದು ಮೆತ್ತಗಾದ ಹಳೆಯ ಹತ್ತಿ ಪಂಚೆ. ನಮ್ಮ ಮಾವನವರ ಒಂದು ಪಂಚೆಯನ್ನು ಅಂಗೈಯಗಲದ ಚೌಕಗಳಾಗಿ ಕತ್ತರಿಸಿ ಗ್ರಂಥಾಲಯದ ಮೇಜಿನ ಸೆಳೆಖಾನೆಯಲ್ಲಿ ಇಟ್ಟುಕೊಂಡಿದ್ದೆ. ಅಂಚಿನ ಜರಿ ಕತ್ತರಿಸಿ ತೆಗೆಯಲೇಬೇಕು, ಅದರ ಒಂದೇ ಎಳೆ ಸಾಕು ಗೀರು ಎಬ್ಬಿಸಲು. ಗಂಜಿ ಹಾಕಿದ ಬಟ್ಟೆ ಬೇಡ, ಪಾಲಿಯೆಸ್ಟರ್ ಬೇಡ, ಟಿಶ್ಯೂ ಕಾಗದ ಖಂಡಿತ ಬೇಡ. ಮೊದಲು ಡಿಸ್ಕನ್ನು ಅಂಚಿನಲ್ಲಿ ಹಿಡಿದು ನಲ್ಲಿಯ ತೆಳು ಧಾರೆಯ ಕೆಳಗೆ ತೋರಿಸಿ, ಮರಳಿನಂಥ ಧೂಳು ತಾನೇ ಹರಿದುಹೋಗಲಿ. ಧೂಳಿನ ಮೇಲೆಯೇ ಒರೆಸಿದರೆ ಆ ಧೂಳೇ ಗೀರುತ್ತದೆ. ಬೆರಳ ಜಿಡ್ಡು ಇದ್ದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಬೊಗಸೆ ನೀರಿಗೆ ಬೆರೆಸಿ, ಬೆರಳ ತುದಿಯಿಂದ ಅದೇ ನೇರ ಗೆರೆಯಲ್ಲಿ ಸವರಿ ತೊಳೆಯಿರಿ. ನೀರು ಒದರಿ, ಬಟ್ಟೆಯನ್ನು ಒತ್ತಿ ಹೀರಿಸಿ, ಕೊನೆಗೆ ಒಣ ಚೌಕದಿಂದ ಒರೆಸಿ, ನೆರಳಿನಲ್ಲಿ ನಿಲ್ಲಿಸಿ. ಡ್ರೈವಿಗೆ ಹಾಕುವಾಗ ಒಂದು ತೇವದ ಚುಕ್ಕೆಯೂ ಇರಬಾರದು. ಉಗುರುಬಣ್ಣ ತೆಗೆಯುವ ದ್ರವ ಹಾಕಿದರೆ ಡಿಸ್ಕಿನ ಪ್ಲಾಸ್ಟಿಕ್ಕೇ ಮಂಜಾಗುತ್ತದೆ. ಟೂತ್‌ಪೇಸ್ಟಿನಿಂದ ಉಜ್ಜಿ ಎಂದು ಮೊಬೈಲಿನಲ್ಲಿ ನೋಡಿ ಬಂದು ನನಗೇ ಪಾಠ ಹೇಳುವವರಿದ್ದಾರೆ. ಅದು ಮೇಲ್ಮೈಯನ್ನು ತೇಯುತ್ತದೆ, ನನ್ನ ಕಪಾಟಿನ ಹತ್ತಿರ ಅದು ಸುಳಿದಿಲ್ಲ.

ಹೊಳೆಯುವ ಬದಿಯನ್ನಷ್ಟೇ ಕಾಪಾಡಿದರೆ ಸಾಲದು. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಬರೆಯುವ ಬದಿಯ ಬಣ್ಣದ ಕೆಳಗೇ. ಅಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಕಥೆ ಮುಗಿಯಿತು. ಡಿವಿಡಿಯಲ್ಲಾದರೆ ಅದು ಎರಡು ತೆಳು ಹಾಳೆಗಳ ನಡುವೆ ಇರುತ್ತದೆ, ಆದರೂ ಅಭ್ಯಾಸ ಕೆಡಿಸಿಕೊಳ್ಳಬೇಡಿ, ಮೆತ್ತನೆಯ ಮಾರ್ಕರಿನಿಂದಲೇ ಬರೆಯಿರಿ.

ಡಿಸ್ಕ್ ಶುಚಿಯಾಗಿದ್ದೂ ಓದದಿದ್ದರೆ ಡ್ರೈವಿನ ಮಸೂರ ನೋಡಿ. ಲ್ಯಾಪ್‌ಟಾಪಿನಲ್ಲಿ ಟ್ರೇ ಎಳೆದರೆ ಗುಬಟಿನ ಪಕ್ಕದಲ್ಲಿಯೇ ಸಣ್ಣ ಗಾಜಿನ ಕಣ್ಣು ಕಾಣುತ್ತದೆ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಕ್ಯಾಮೆರಾದವರು ಬಳಸುವ ರಬ್ಬರ್ ಬುರುಡೆಯಿಂದ ಗಾಳಿ ಹೊಡೆಯಿರಿ. ಜಿಡ್ಡಿದ್ದರೆ ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತೋರಿಸಿದಷ್ಟೇ ತೋರಿಸಿ, ರೆಪ್ಪೆ ಮುಟ್ಟುವಷ್ಟು ಹಗುರವಾಗಿ ಸವರಿ. ಆ ಮಸೂರ ಕೂದಲೆಳೆಯಂಥ ತಂತಿಗಳ ಮೇಲೆ ತೇಲುತ್ತಿರುತ್ತದೆ, ಒತ್ತಿದರೆ ಡ್ರೈವ್ ಸತ್ತಿತು. ಸಿಡಿ ಓದುತ್ತದೆ ಆದರೆ ಡಿವಿಡಿ ಓದುವುದಿಲ್ಲ ಎಂದಾದರೆ ಆಶ್ಚರ್ಯಪಡಬೇಡಿ. ಎರಡಕ್ಕೂ ಬೇರೆ ಬೇರೆ ಲೇಸರ್ ಬೆಳಕು, ಒಂದು ಸೋತು ಇನ್ನೊಂದು ಉಳಿದಿರಬಹುದು.

ಟ್ರೇ ಬರುವುದೇ ಇಲ್ಲ, ಒಳಗೆ ಡಿಸ್ಕ್ ಸಿಕ್ಕಿಕೊಂಡಿದೆ ಎನ್ನುವವರು ಚಾಕು ತುರುಕುವುದನ್ನು ನಿಲ್ಲಿಸಬೇಕು. ಟ್ರೇಯ ಮುಖದಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಯಂತ್ರ ಆರಿಸಿ, ಜೆಮ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತೂತಿಗೆ ನೇರವಾಗಿ ತೂರಿಸಿ. ಎದುರು ತಡೆ ಸಿಕ್ಕಾಗ ಇನ್ನಷ್ಟು ಒತ್ತಿ, ಟ್ರೇ ಒಂದು ಬೆರಳಗಲ ಹೊರಗೆ ಬರುತ್ತದೆ. ಉಳಿದದ್ದನ್ನು ಕೈಯಲ್ಲಿ ಎಳೆಯಿರಿ.

ಮದುವೆಯ ಡಿವಿಡಿ ಹಾಕಿದರೆ ಫೈಲುಗಳು ಕಾಣುತ್ತವೆ, ಚಿತ್ರ ಮಾತ್ರ ಓಡುವುದಿಲ್ಲ ಎಂದು ಎಷ್ಟು ಜನ ಡ್ರೈವ್ ಬದಲಿಸಿದ್ದಾರೋ! ವಿಂಡೋಸ್ 8ರಿಂದ ಈಚೆಗೆ ವಿಂಡೋಸಿನ ಮೀಡಿಯಾ ಪ್ಲೇಯರಿನಲ್ಲಿ ಡಿವಿಡಿ ಚಿತ್ರ ಓಡಿಸುವ ಸೌಲಭ್ಯವನ್ನೇ ತೆಗೆದುಹಾಕಿದರು. ಉಚಿತವಾಗಿ ಸಿಗುವ ವಿಎಲ್‌ಸಿ ಎಂಬ ಪ್ಲೇಯರ್ ಹಾಕಿಕೊಳ್ಳಿ, ಓಡುತ್ತದೆ. ಡ್ರೈವಿನ ಗುರುತೇ ಕಾಣದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ (ವಿಂಡೋಸ್ ತೋರಿಸುವ ಯಂತ್ರದ ಭಾಗಗಳ ಪಟ್ಟಿ) ಅದರ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ಅನ್‌ಇನ್‌ಸ್ಟಾಲ್’ ಕೊಟ್ಟು ರಿಸ್ಟಾರ್ಟ್ ಮಾಡಿ. ವಿಂಡೋಸ್ ಮತ್ತೆ ತಾನೇ ಹುಡುಕಿ ಜೋಡಿಸಿಕೊಳ್ಳುತ್ತದೆ. ಹಾಗೂ ಬಾರದಿದ್ದರೆ, ಹಲವು ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ತಳದ ಒಂದೇ ತಿರುಪಿನಲ್ಲಿ ನಿಂತಿರುತ್ತದೆ. ಆರಿಸಿ, ಬ್ಯಾಟರಿ ತೆಗೆದು, ತಿರುಪು ಬಿಚ್ಚಿ ಡ್ರೈವನ್ನು ಹೊರಗೆಳೆದು, ಮತ್ತೆ ನೇರವಾಗಿ ತಳ್ಳಿ ಕೂರಿಸಿ. ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡ್ರೈವ್ ಬಳಸುವವರು ಅದನ್ನು ಯುಎಸ್‌ಬಿ ಹಬ್ಬಿಗೆ (ಹಲವನ್ನು ಒಟ್ಟಿಗೆ ಜೋಡಿಸುವ ಪೆಟ್ಟಿಗೆಗೆ) ಹಾಕದೆ ಲ್ಯಾಪ್‌ಟಾಪಿಗೇ ನೇರ ಹಾಕಿ, ಹಬ್ಬಿನಲ್ಲಿ ಕರೆಂಟು ಸಾಲದೆ ಡಿಸ್ಕ್ ತಿರುಗಿ ತಿರುಗಿ ನಿಂತುಬಿಡುತ್ತದೆ.

ಮಳೆಗಾಲಕ್ಕೆ ಮುಂಚೆ ಡಿಸ್ಕುಗಳನ್ನು ಮುಚ್ಚಳ ಭದ್ರವಿರುವ ಡಬ್ಬಿಯಲ್ಲಿ ನಿಲ್ಲಿಸಿ ಇಡಿ, ಜೊತೆಗೆ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಹಾಕಿ. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವುದನ್ನು ಎಸೆಯುವ ಬದಲು ಇದಕ್ಕೆ ಕೂಡಿಡಿ. ಬಿಸಿಲಿಗೆ ಹಾಕಿ ಒಣಗಿಸುತ್ತೇನೆಂದು ಹೋಗಬೇಡಿ. ಮನೆಯಲ್ಲಿ ಬರೆದ ಸಿಡಿ ಡಿವಿಡಿಗಳಲ್ಲಿ ಮಾಹಿತಿ ನಿಲ್ಲುವುದು ಬಣ್ಣದ ಪದರದ ಮೇಲೆ, ಬಿಸಿಲಿಗೆ ಅದು ಮಾಸುತ್ತದೆ. ಅಂಗಡಿಯಲ್ಲಿ ಅಚ್ಚುಹಾಕಿ ಮಾರಿದ ಹಾಡಿನ ಸಿಡಿಗಳಿಗೆ ಅಷ್ಟು ಅವಸರವಿಲ್ಲ. ನಾಮಕರಣ, ಉಪನಯನ, ಮದುವೆಯೆಂದು ಸ್ಟುಡಿಯೊದವರು ಬರೆದುಕೊಟ್ಟವುಗಳನ್ನು ಮೊದಲು ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಡಿವಿಡಿಯಾದರೆ ‘ವಿಡಿಯೊ ಟಿಎಸ್’ ಎಂಬ ಕಡತಕೋಶವನ್ನು ಇಡಿಯಾಗಿ ಎತ್ತಿಕೊಳ್ಳಿ, ದೊಡ್ಡ ಫೈಲೊಂದನ್ನೇ ಆರಿಸಿಕೊಂಡು ಉಳಿದದ್ದು ಬಿಟ್ಟರೆ ಅರ್ಧ ಮದುವೆ ಡಿಸ್ಕಿನಲ್ಲೇ ಉಳಿಯುತ್ತದೆ. ನಕಲು ಮುಗಿದ ಮೇಲೆ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಒಂದೊಂದು ತುಣುಕು ಓಡಿಸಿ ನೋಡಿ. ಕೊನೆಯ ಭಾಗವನ್ನು ತಪ್ಪದೆ ನೋಡಿ, ಬೆರಳು ಹೆಚ್ಚು ತಾಗಿ ಕೊಳೆಯಾಗಿರುವ ಹೊರ ಅಂಚಿನಲ್ಲಿಯೇ ನಕಲು ಕೈಕೊಡುವುದು ಜಾಸ್ತಿ.