ಚೀಟಿಯಲ್ಲಿ ‘ಸ್ಕಾರ್ಲಟಿನಾ’ ಅಂತ ಬರೆದು ನಾನು ಮಾಡಿದ ಎಡವಟ್ಟು

ಕಲಬುರಗಿಯಲ್ಲಿ ಮಕ್ಕಳ ಕ್ಲಿನಿಕ್ ನಡೆಸುತ್ತೇನೆ. ಗಂಟಲು ಸೋಂಕಿನ ಜೊತೆ ಮೈಮೇಲೆ ತರಿ ಏಳಿಸೋ ಸ್ಕಾರ್ಲೆಟ್ ಫೀವರ್ ನಮ್ಮಲ್ಲಿ ದಿನಾ ಬರೋ ಕಾಯಿಲೆ ಅಲ್ಲ, ಬಂದಾಗ ಮೊದಲ ತಕರಾರು ಹೆಸರಿನದ್ದೇ.

ಒಮ್ಮೆ ಆಳಂದ ಕಡೆಯವರು ಮೊಮ್ಮಗಳನ್ನು ಕರೆತಂದರು. ಎರಡು ದಿನದಿಂದ ಜ್ವರ, ಗಂಟಲು ನೋವು. “ಗೊಬ್ಬರ ಎದ್ದಾವ್ರಿ ಡಾಕ್ಟ್ರೇ, ಸೂಜಿ ಗೀಜಿ ಬ್ಯಾಡ್ರಿ” ಅಂದರು ಅಜ್ಜಿ. ಗೊಬ್ಬರ ಅಂದರೆ ನಮ್ಮ ಕಡೆ ದಡಾರ. ಬೇವಿನ ಸೊಪ್ಪು ಆಗಲೇ ಕೈಚೀಲದಲ್ಲಿತ್ತು. ಆದರೆ ಗೊಬ್ಬರ ಆಗಿದ್ದರೆ ಕೆಮ್ಮು, ನೆಗಡಿ, ಕೆಂಗಣ್ಣು ಇರಬೇಕಲ್ವಾ? ಒಂದೂ ಇರಲಿಲ್ಲ.

ಪುಸ್ತಕದಲ್ಲಿ ಮೈಯೆಲ್ಲ ಕೆಂಪು ಅಂತ ಇರುತ್ತದೆ. ನಮ್ಮ ಮಕ್ಕಳ ಮೈಬಣ್ಣದಲ್ಲಿ ಆ ಕೆಂಪು ಎಷ್ಟೋ ಸಲ ಕಾಣೋದೇ ಇಲ್ಲ, ಹಾಗಾಗಿ ನಾನು ಕಣ್ಣಿಗಿಂತ ಕೈಯನ್ನೇ ಜಾಸ್ತಿ ನಂಬುತ್ತೇನೆ. ಎದೆ ಮೇಲೆ ಅಂಗೈ ಆಡಿಸಿದೆ. ಪಾಲಿಶ್ ಮಾಡದ ಶಹಾಬಾದ್ ಕಲ್ಲು ಸವರಿದ ಹಾಗೆ ತರಿತರಿ. ನಾಲಿಗೆ ಮೇಲೆ ಬಿಳಿ ಪದರ, ಅದರ ನಡುವೆ ಕಾಳುಕಾಳಾಗಿ ಎದ್ದ ಕೆಂಪು.

ಇದು ಸ್ಕಾರ್ಲೆಟ್ ಫೀವರೇ ಅಂತ 10 ದಿನಕ್ಕೆ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಕೊಟ್ಟೆ. ಚೀಟಿ ಮೇಲೆ ಮಾತ್ರ, ಕಾಲೇಜಿನ ಕಾಲದ ಚಟ ನೋಡಿ, ಅದರದ್ದೇ ಇನ್ನೊಂದು ಹೆಸರು ಸ್ಕಾರ್ಲಟಿನಾ ಅಂತ ಬರೆದುಬಿಟ್ಟೆ.

ಹುಡುಗಿಯ ಅಪ್ಪ ಮೊಬೈಲಲ್ಲಿ ಹುಡುಕಿದ್ದಾರೆ. ಸ್ಕಾರ್ಲಟಿನಾ ಅಂದರೆ ಸ್ಕಾರ್ಲೆಟ್ ಫೀವರಿನ ಹಗುರ ರೂಪ ಅಂತ ಎಲ್ಲೋ ಓದಿ, ಜ್ವರ ಇಳಿದಿದ್ದೇ ಮೂರನೇ ದಿನಕ್ಕೆ ಔಷಧಿ ನಿಲ್ಲಿಸಿದ್ದಾರೆ. ನನ್ನ ಹತ್ತಿರ ಮೊದಲು ಬಂದು ಹೋದ ಆರು ದಿನಕ್ಕೆ ಮತ್ತೆ ಓಡಿ ಬಂದರು, ಬೆರಳ ತುದಿ ಸಿಪ್ಪೆ ಸುಲೀತಿದೆ ಅಂತ. ಅದು ಈ ಕಾಯಿಲೆಯಲ್ಲಿ ಮಾಮೂಲು. ನನಗೆ ಹೆದರಿಕೆ ಆಗಿದ್ದು ಅರ್ಧಕ್ಕಿಂತ ಜಾಸ್ತಿ ಉಳಿದಿದ್ದ ಬಾಟಲಿ ನೋಡಿ.

ಹಿಂದೆ ಜನ ಹಗುರ ಜ್ವರಕ್ಕೆ ಸ್ಕಾರ್ಲಟಿನಾ ಅನ್ನುತ್ತಿದ್ದದ್ದು ನಿಜ. ಆದರೆ ಎರಡೂ ಒಂದೇ. 1670ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ಲ್ಯಾಟಿನ್‌ನಲ್ಲಿ ಫೆಬ್ರಿಸ್ ಸ್ಕಾರ್ಲಟಿನಾ ಅಂತ ಬರೆದ, ಅಂದರೆ ಕೆಂಪು ಜ್ವರ, ಅಷ್ಟೇ. ರೋಗಗಳ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-10ರಲ್ಲೂ ಎರಡಕ್ಕೂ ಎ38 ಅನ್ನೋ ಒಂದೇ ಸಂಕೇತ. ಗಂಟಲಲ್ಲಿ ಸೇರಿದ ಬ್ಯಾಕ್ಟೀರಿಯಾ, ಅಂದರೆ ಎ ಗುಂಪಿನ ಸ್ಟ್ರೆಪ್ಟೊಕಾಕಸ್‌ನ ವಿಷದಿಂದ ಈ ತರಿ ಏಳುತ್ತದೆ. ಅರ್ಧಕ್ಕೆ ಬಿಟ್ಟರೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟವೇ ಕೆಡಬಹುದು. ಕಾಯಿಲೆ ಶುರುವಾಗಿ 9 ದಿನದೊಳಗೆ ಔಷಧಿ ಹಿಡಿದರೆ ಅದನ್ನು ತಡೀಬಹುದು, ಅವತ್ತು ಎಂಟನೇ ದಿನ.

ಎದೆ ಪರೀಕ್ಷೆ ಮಾಡಿ, ಕೋರ್ಸ್ ಮೊದಲಿಂದ ಶುರು ಮಾಡಿಸಿದೆ. ಹೊಸ ಚೀಟಿಯಲ್ಲಿ ‘ಗಂಟಲು ಸೋಂಕಿನ ಜ್ವರ, ಸ್ಕಾರ್ಲೆಟ್ ಫೀವರ್’ ಅಂತ ಕನ್ನಡದಲ್ಲೇ ಬರೆದು, ಕೆಳಗೆ ಹತ್ತು ಚೌಕ ಗೀಚಿ, ದಿನಕ್ಕೊಂದು ಹೊಡೆದು ಹಾಕ್ರಿ, ಬೇವು ಇರಲಿ, ಔಷಧಿ ಬಿಡಬ್ಯಾಡ್ರಿ ಅಂದೆ.

“ಮೊದ್ಲೇ ಹಿಂಗ ಹೇಳಬಾರ್ದೇನ್ರಿ?” ಅಂದರು ಅಜ್ಜಿ.