ಗಡಿನಾಡಿನ ಪುಸ್ತಕಕ್ಕೆ ವಿಮರ್ಶೆ ಬರೆಯುವ ಬಗೆ

ಕಾಸರಗೋಡಿನಲ್ಲಿ ಕನ್ನಡ ಪುಸ್ತಕವೊಂದು ಬಿಡುಗಡೆಯಾದರೆ ಅದರ ಕುರಿತು ಬರುವ ಬರಹಗಳಲ್ಲಿ ಹೆಚ್ಚಿನವು ಸನ್ಮಾನಪತ್ರದ ಧಾಟಿಯಲ್ಲಿರುತ್ತವೆ. ಗಡಿನಾಡಿನಲ್ಲಿದ್ದುಕೊಂಡು ಕನ್ನಡದಲ್ಲಿ ಬರೆದದ್ದೇ ದೊಡ್ಡದು ಎಂಬಲ್ಲಿಗೆ ಮಾತು ಮುಗಿಯುತ್ತದೆ. ರಾಜಕೀಯ ಎಚ್ಚರವುಳ್ಳ ವಿಮರ್ಶೆಗೆ ಕೈಹಾಕುವವರು ಮೊದಲು ಈ ರಿಯಾಯಿತಿಯನ್ನು ಬಿಡಬೇಕು.

ಒಂದು ಸಲ ಏನನ್ನೂ ಗುರುತು ಹಾಕಿಕೊಳ್ಳದೆ ಓದಿ ಮುಗಿಸಿ, ಎರಡನೆಯ ಓದಿಗೆ ಪೆನ್ಸಿಲು ಹಿಡಿಯಿರಿ. ಆಗ ಗಮನಿಸಬೇಕಾದದ್ದು ಯಾರು ಯಾವ ಭಾಷೆಯಲ್ಲಿ ಮಾತನಾಡುತ್ತಾರೆ ಎಂಬುದನ್ನು. ವೇದಿಕೆ ಹತ್ತಿದಾಗಲೆಲ್ಲ ಇದು ಸಪ್ತಭಾಷಾ ಸಂಗಮಭೂಮಿ ಎನ್ನುವ ನಾವು, ಕಾದಂಬರಿ ಬರೆಯುವಾಗ ಅಡಕೆ ತೋಟದ ಧನಿಗಳಿಗೂ, ಕೆಲಸದಾಳಿಗೂ, ಮೀನು ಮಾರುವವರಿಗೂ ಒಂದೇ ಪಠ್ಯಪುಸ್ತಕದ ಕನ್ನಡವನ್ನು ತೊಡಿಸಿಬಿಡುತ್ತೇವೆ. ತುಳು, ಬ್ಯಾರಿ, ಹವ್ಯಕ ಕನ್ನಡ ಎಲ್ಲಿ ಹೋದವು ಎಂದು ಕೇಳಿ. ಮಲಯಾಳ ಬರುವುದು ಕಚೇರಿಯ ಅಧಿಕಾರಿಯ ಬಾಯಲ್ಲಿ ಮಾತ್ರವೇ, ಪಕ್ಕದ ಮನೆಯವರ ಬಾಯಲ್ಲೂ ಬರುತ್ತದೆಯೇ ಎಂದು ನೋಡಿ. ಕೃತಿಯ ರಾಜಕೀಯವು ಮುನ್ನುಡಿಗಿಂತ ಇಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣಿಸುತ್ತದೆ.

ಚರಿತ್ರೆಯನ್ನು ತರುವುದಾದರೆ ನಿಖರವಾಗಿ ತನ್ನಿ. ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ರಾಜ್ಯಗಳ ಗಡಿ ವಿವಾದದ ಕುರಿತ 1967ರ ಮಹಾಜನ ವರದಿಯು ಮೈಸೂರು ರಾಜ್ಯಕ್ಕೆ ಸೇರಬೇಕೆಂದದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗ. 1984ರಲ್ಲಿ ರೂಪುಗೊಂಡ ಈಗಿನ ಜಿಲ್ಲೆಯಲ್ಲಿ ಆ ಹೊಳೆಯ ದಕ್ಷಿಣಕ್ಕಿರುವ ಹೊಸದುರ್ಗ ತಾಲೂಕೂ ಇದೆ. ಇಡೀ ಜಿಲ್ಲೆಯನ್ನೇ ವರದಿ ನಮಗೆ ಕೊಟ್ಟಿತ್ತು ಎಂದು ಬರೆಯುವ ವಿಮರ್ಶಕರು ಲೇಖಕರ ತಪ್ಪನ್ನು ಹಿಡಿಯುವ ಅರ್ಹತೆಯನ್ನೇ ಕಳೆದುಕೊಳ್ಳುತ್ತಾರೆ.

ಆದರೆ ಇಲ್ಲಿನ ಎಲ್ಲ ಬರಹವೂ ರಾಜ್ಯದ ಗಡಿಯನ್ನೇ ಕುರಿತದ್ದಲ್ಲ. ಅದೇ ಚಂದ್ರಗಿರಿಯ ಹೆಸರನ್ನು ಹೊತ್ತ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ನಾಯಕಿ ನಾದಿರಾಳನ್ನು ಕಟ್ಟಿಹಾಕುವುದು ರಾಜ್ಯ ಪುನರ್ವಿಂಗಡಣೆಯಲ್ಲ. ತಲಾಖ್ ಆದ ಮೇಲೆ ತನ್ನ ಗಂಡನನ್ನೇ ಮತ್ತೆ ಸೇರಬೇಕಾದರೆ ಇನ್ನೊಬ್ಬನನ್ನು ಒಂದು ರಾತ್ರಿಯ ಮಟ್ಟಿಗಾದರೂ ಮದುವೆಯಾಗಬೇಕೆನ್ನುವ ಕಟ್ಟಳೆ ಮತ್ತು ತಂದೆಯ ಹಟ. ಅಂಥ ಕೃತಿಯನ್ನು ಗಡಿನಾಡಿನ ನೋವು ಎಂಬ ಒಂದೇ ಪೆಟ್ಟಿಗೆಗೆ ತುರುಕಿದರೆ ಹೆಣ್ಣಿನ ಪ್ರಶ್ನೆ ಸದ್ದಿಲ್ಲದೆ ಮರೆಯಾಗುತ್ತದೆ. ಆದ್ದರಿಂದ ಪುಸ್ತಕದಲ್ಲಿ ಯಾರು ಯಾರನ್ನು ಆಳುತ್ತಿದ್ದಾರೆ ಎಂಬುದನ್ನು ಮೊದಲು ಗುರುತಿಸಿ, ಗಡಿಯ ಮಾತು ಆ ಆಳ್ವಿಕೆಯನ್ನು ತೋರಿಸುತ್ತಿದೆಯೋ ಮುಚ್ಚುತ್ತಿದೆಯೋ ಎಂಬುದನ್ನು ಅನಂತರ ವಿಚಾರಿಸಿ. ಪ್ರತಿಯೊಂದು ಆಕ್ಷೇಪಕ್ಕೂ ಪುಟಸಂಖ್ಯೆ ಕೊಡಿ.

ಕರಡನ್ನು ಮಲಯಾಳ ಬಲ್ಲ ಗೆಳೆಯರೊಬ್ಬರಿಗೆ ಓದಿಹೇಳಿ; ಅವರು ಎಲ್ಲಿ ಹುಬ್ಬು ಗಂಟಿಕ್ಕುತ್ತಾರೋ ಆ ಸಾಲನ್ನು ಅಳಿಸಬೇಕೆಂದಿಲ್ಲ, ಅದಕ್ಕೆ ಆಧಾರವಿದೆಯೇ ಎಂದು ನೋಡಿದರೆ ಸಾಕು. ಇನ್ನು ನಮ್ಮ ಊರುಗಳಲ್ಲಿ ಲೇಖಕರು ಮುಂದಿನ ಮದುವೆಯೂಟದ ಪಂಕ್ತಿಯಲ್ಲಿ ನಿಮ್ಮ ಪಕ್ಕದಲ್ಲೇ ಕುಳಿತಿರುತ್ತಾರೆ. ಪರಿಚಯವಿದ್ದರೆ ಅದನ್ನು ಮೊದಲ ಪ್ಯಾರಾದಲ್ಲೇ ಹೇಳಿ ಮುಂದುವರಿಯಿರಿ. ನೀವೇ ಬೆನ್ನುಡಿ ಬರೆದುಕೊಟ್ಟ ಪುಸ್ತಕವಾಗಿದ್ದರೆ ವಿಮರ್ಶೆಯನ್ನು ಬೇರೆಯವರಿಗೆ ಬಿಟ್ಟುಕೊಡಿ.